ದೊಡ್ಡಪ್ಪನ ಟೇಪ್ ರೆಕಾರ್ಡರ್ ರಿಪೇರಿಯ ದಿನಚರಿ

ಮಂಡ್ಯದ ಹಳೆಯ ಮನೆಯ ಅಟ್ಟದ ಮೇಲಿದ್ದ ಟೇಪ್ ರೆಕಾರ್ಡರನ್ನು ಇಳಿಸಿ ಮೈಸೂರಿಗೆ ತಂದು ನನ್ನ ಮೇಜಿನ ಮೇಲೆ ಇಟ್ಟಾಗ ದೊಡ್ಡಪ್ಪನ ವರ್ಷದ ತಿಥಿಗೆ ಇನ್ನು ಎರಡು ತಿಂಗಳಷ್ಟೇ ಉಳಿದಿತ್ತು. ಅವರು ತೀರಿಕೊಂಡದ್ದು ಅಮೆರಿಕದ ಪಿಟ್ಸ್‌ಬರ್ಗ್‌ನಲ್ಲಿ, ಮಗಳ ಮನೆಯಲ್ಲಿ, ತೊಂಬತ್ತೆರಡನೆಯ ವಯಸ್ಸಿನಲ್ಲಿ. ಅಸ್ಥಿಯನ್ನು ಪಶ್ಚಿಮವಾಹಿನಿಯಲ್ಲಿ ಬಿಡಲು ಬಂದಿದ್ದ ಅಕ್ಕ, ಎಂದರೆ ಅವರ ಹಿರಿಯ ಮಗಳು, ಹಿಂದಿರುಗುವ ಮುನ್ನಾದಿನ ಅಟ್ಟ ಹತ್ತಿ ಒಂದು ಬಿಸ್ಕತ್ತಿನ ತಗಡಿನ ಡಬ್ಬಿಯನ್ನು ಹುಡುಕಿ ತಂದಿದ್ದಳು. ಅದರಲ್ಲಿ ಮೂರು ಇಂಚಿನ ಹದಿನೇಳು ಟೇಪ್ ರೀಲುಗಳಿದ್ದವು. ಅಜ್ಜಿಗೆ ಓದು ಬರುತ್ತಿರಲಿಲ್ಲವಾದ್ದರಿಂದ ದೊಡ್ಡಪ್ಪ ಕಾಗದ ಬರೆಯುವ ಬದಲು ಮಾತನ್ನೇ ಟೇಪಿಗೆ ಹಾಕಿ ಕಳುಹಿಸುತ್ತಿದ್ದರು. "ತಿಥಿ ದಿನ ಇದೇ ಮನೇಲಿ, ಇದೇ ಮೆಷಿನ್‌ನಲ್ಲಿ ಕೇಳ್ಬೇಕು ಕಣೋ, ಆಗುತ್ತಾ?" ಎಂದು ಅಕ್ಕ ಕೇಳಿದಳು. ಪಾಲಿಟೆಕ್ನಿಕ್‌ನಲ್ಲಿ ಇಪ್ಪತ್ತೆರಡು ವರ್ಷ ಎಲೆಕ್ಟ್ರಾನಿಕ್ಸ್ ಪಾಠ ಹೇಳಿದವನು ಆಗುವುದಿಲ್ಲ ಎನ್ನುವುದು ಹೇಗೆ? ಆಗುತ್ತದೆ ಎಂದೆ.

ಯಂತ್ರ ಅಮೆರಿಕದಲ್ಲಿ ತಯಾರಾದದ್ದು, ಟ್ರಾನ್ಸಿಸ್ಟರ್ ಕಾಲದ್ದು, ಎತ್ತಲು ಎರಡು ಕೈ ಬೇಕಾಗುವಷ್ಟು ಭಾರದ್ದು. ಹಿಂಬದಿಯ ಫಲಕದ ಮೇಲೆ 117 ವೋಲ್ಟ್, 60 ಸೈಕಲ್ ಎಂದು ಅಚ್ಚಾಗಿತ್ತು. ಸೈಕಲ್ ಎಂದರೆ ಕರೆಂಟು ಸೆಕೆಂಡಿಗೆ ಎಷ್ಟು ಬಾರಿ ಹಿಂದೆ ಮುಂದೆ ಹರಿಯುತ್ತದೆ ಎಂಬ ಎಣಿಕೆ, ಈಗಿನ ಹರ್ಟ್ಜ್. ಅದರ ಜೊತೆಗೇ ಬೂದು ಬಣ್ಣದ ಕಬ್ಬಿಣದ ಪೆಟ್ಟಿಗೆಯಲ್ಲಿ ಒಂದು ಸ್ಟೆಪ್-ಡೌನ್ ಟ್ರಾನ್ಸ್‌ಫಾರ್ಮರ್ ಇತ್ತು. ಅದರ ಬಣ್ಣ ಸುಲಿದು, ಮೇಲೆ ಏನು ಬರೆದಿತ್ತೆಂದು ಓದಲಾಗುತ್ತಿರಲಿಲ್ಲ. ಮೇಲಿನ ಹೊದಿಕೆ ಬಿಚ್ಚಿದರೆ ಒಳಗೆ ಇಲಿ ಗೂಡು ಕಟ್ಟಿ ಬಿಟ್ಟುಹೋಗಿತ್ತು. ಕೌಂಟರ್ ಮೀಟರಿನ ಬೆಲ್ಟು ಮತ್ತು ರೀಲು ತಿರುಗಿಸುವ ಬೆಲ್ಟು ಎರಡೂ ಕರಗಿ, ಆಲೆಮನೆಯ ಕೊಪ್ಪರಿಗೆಯ ತಳದಲ್ಲಿ ಅಂಟಿದ ಪಾಕದಂತೆ ಪುಲ್ಲಿಗಳಿಗೆ ಮೆತ್ತಿಕೊಂಡಿದ್ದವು. ಹಳೆಯ ರಬ್ಬರ್ ಹೀಗೆ ಕರಗಿದಾಗ ಕೈಗೆ ತಾಗಿಸಿಕೊಂಡರೆ ಮೂರು ದಿನ ಹೋಗುವುದಿಲ್ಲ, ಬಟ್ಟೆಗೆ ತಾಗಿದರೆ ಹೋಗುವುದೇ ಇಲ್ಲ. ಐಸೋಪ್ರೊಪೈಲ್ ಆಲ್ಕೋಹಾಲಿನಲ್ಲಿ ಅದ್ದಿದ ಹತ್ತಿ, ಹಳೆಯ ಟೂತ್‌ಬ್ರಷ್ ಮತ್ತು ಬಿದಿರಿನ ಕಡ್ಡಿ ಹಿಡಿದು ಮೊದಲ ಭಾನುವಾರವನ್ನು ಪೂರ್ತಿ ಇದಕ್ಕೇ ಕೊಟ್ಟೆ.

ಇಂಥ ಯಂತ್ರದಲ್ಲಿ ಟೇಪು ಓಡುವ ವೇಗವನ್ನು ನಿರ್ಧರಿಸುವುದು ರೀಲು ತಿರುಗಿಸುವ ಬೆಲ್ಟುಗಳಲ್ಲ. ಮೋಟಾರಿನ ಶಾಫ್ಟಿಗೆ ರಬ್ಬರಿನ ಅಂಚುಳ್ಳ ಒಂದು ಐಡ್ಲರ್ ಚಕ್ರ ಒತ್ತಿಕೊಳ್ಳುತ್ತದೆ. ಆ ಚಕ್ರ ಭಾರವಾದ ಫ್ಲೈವೀಲನ್ನು ತಿರುಗಿಸುತ್ತದೆ. ಫ್ಲೈವೀಲಿನ ನಡುವಿನಿಂದ ಮೇಲೆದ್ದ ನಯವಾದ ಉಕ್ಕಿನ ಕಡ್ಡಿಯೇ ಕ್ಯಾಪ್‌ಸ್ಟನ್. ಟೇಪನ್ನು ಈ ಕಡ್ಡಿಗೂ ಪಿಂಚ್ ರೋಲರ್ ಎಂಬ ರಬ್ಬರಿನ ಉರುಳೆಗೂ ನಡುವೆ ಹಿಡಿದು ಎಳೆಯಲಾಗುತ್ತದೆ. ಮೋಟಾರಿನ ಶಾಫ್ಟಿನಲ್ಲಿ ದಪ್ಪ ಮತ್ತು ಸಣ್ಣ ಎಂಬ ಎರಡು ಮೆಟ್ಟಿಲುಗಳಿರುತ್ತವೆ. ಐಡ್ಲರ್ ದಪ್ಪ ಮೆಟ್ಟಿಲಿಗೆ ಒತ್ತಿದರೆ ಸೆಕೆಂಡಿಗೆ 19 ಸೆಂಟಿಮೀಟರ್, ಸಣ್ಣದಕ್ಕೆ ಒತ್ತಿದರೆ ಅದರ ಅರ್ಧ, ಒಂಬತ್ತೂವರೆ ಸೆಂಟಿಮೀಟರ್. ಮನೆಯ ಮಾತುಕತೆಗೆ ಎಲ್ಲರೂ ಬಳಸುತ್ತಿದ್ದದ್ದು ಈ ಎರಡನೆಯ ವೇಗವನ್ನು, ಏಕೆಂದರೆ 150 ಅಡಿಯ ಮೂರಿಂಚಿನ ರೀಲು ಆ ವೇಗದಲ್ಲಿ ಒಂದು ಬದಿಗೆ ಎಂಟು ನಿಮಿಷ ಬರುತ್ತದೆ.

ನಮ್ಮ ಯಂತ್ರದ ಸಣ್ಣ ಮೆಟ್ಟಿಲಿನ ಮೇಲೆ ತೆಳುವಾದ ಒಂದು ಹಿತ್ತಾಳೆಯ ಸ್ಲೀವ್, ಎಂದರೆ ಶಾಫ್ಟಿಗೆ ತೊಡಿಸಿದ ಪುಟ್ಟ ಕೊಳವೆ, ಕೂತಿತ್ತು. ಅದನ್ನು ಹಿಡಿದಿಟ್ಟದ್ದು ಅಕ್ಕಸಾಲಿಗರ ಕೆಂಪು ಅರಗು. ದಪ್ಪ ಮೆಟ್ಟಿಲಿನ ಮೇಲೆ ಏನೂ ಇರಲಿಲ್ಲ. ಅಮೆರಿಕದ ಕಾರ್ಖಾನೆಯಿಂದ ಅರಗು ಮೆತ್ತಿದ ಭಾಗ ಬರಲು ಸಾಧ್ಯವಿಲ್ಲವಷ್ಟೆ. ಶಾಫ್ಟು ಸವೆದದ್ದನ್ನು ಮರೆಮಾಡಲು ಯಾರೋ ಊರ ಮೆಕ್ಯಾನಿಕ್ ಮಾಡಿದ ತೇಪೆ ಇದು ಎಂದು ಒಂದೇ ನೋಟಕ್ಕೆ ತೀರ್ಮಾನಿಸಿದೆ. ಬೆಸುಗೆ ಕಡ್ಡಿಯ ಬಿಸಿ ತಾಗಿಸಿ ಅರಗು ಮೆತ್ತಗಾದ ಮೇಲೆ ಇಕ್ಕಳದಲ್ಲಿ ಹಿಡಿದು ಎಳೆದೆ. ಕೆಳಗಿದ್ದ ಶಾಫ್ಟು ಹೊಸದರಂತೆ ಹೊಳೆಯುತ್ತಿತ್ತು. ಸವೆಯದ ಶಾಫ್ಟಿಗೆ ತೇಪೆ ಏಕೆ ಎಂಬ ಪ್ರಶ್ನೆ ಆ ಹೊತ್ತಿನಲ್ಲೇ ಏಳಬೇಕಿತ್ತು, ಏಳಲಿಲ್ಲ. ಸ್ಲೀವನ್ನು ಸ್ಕ್ರೂಗಳನ್ನು ತುಂಬಿಡುವ ಗಾಜಿನ ಬಾಟಲಿಗೆ ಹಾಕಿ ಮುಂದಕ್ಕೆ ಹೋದೆ.

ಐಡ್ಲರಿನ ರಬ್ಬರ್ ಕಲ್ಲಾಗಿತ್ತು. ಯಂತ್ರವನ್ನು ನುಡಿಸುವ ಸ್ಥಿತಿಯಲ್ಲೇ ಬಿಟ್ಟು ವರ್ಷಗಟ್ಟಲೆ ಅಟ್ಟಕ್ಕೆ ಹಾಕಿದ್ದರಿಂದ ಶಾಫ್ಟು ಒತ್ತಿದ ಜಾಗದಲ್ಲಿ ತಗ್ಗು ಬಿದ್ದು, ಪ್ರತಿ ಸುತ್ತಿಗೂ ಟಕ್ ಟಕ್ ಎನ್ನುತ್ತಿತ್ತು. ಮಂಡಿ ಮೊಹಲ್ಲಾದ ಒಂದು ಲೇತ್ ಅಂಗಡಿಯಲ್ಲಿ ಹಳೆಯ ರಬ್ಬರನ್ನು ತೆಗೆಸಿ, ಹೊಸದನ್ನು ಕೂರಿಸಿ, ಸುತ್ತಳತೆ ಒಂದೇ ಸಮನಾಗುವಂತೆ ಉಜ್ಜಿಸಿದೆ. ಬೆಲ್ಟುಗಳು, ಒಣಗಿದ ಎಲೆಕ್ಟ್ರೋಲಿಟಿಕ್ ಕೆಪಾಸಿಟರುಗಳಿಗೆ ಬದಲಿ, ಮೋಟಾರಿನ ಕೆಪಾಸಿಟರ್ ಎಲ್ಲವೂ ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಬಂದವು. ಹೆಡ್‌ಗಳು ಹೆಚ್ಚು ಸವೆದಿರಲಿಲ್ಲ. ಒರೆಸಿ, ಅಂಟಿದ್ದ ಕಾಂತತ್ವವನ್ನು ಕಳೆದೆ.

ಇನ್ನು ಟ್ರಾನ್ಸ್‌ಫಾರ್ಮರ್. ನೂರು ವ್ಯಾಟಿನ ಬಲ್ಬನ್ನು ಸೀರೀಸಿನಲ್ಲಿ ಹಾಕಿ ಮೊದಲು ಪರೀಕ್ಷಿಸಿದೆ, ಆಮೇಲೆ ಬಲ್ಬು ತೆಗೆದು ಮನೆಯ ಕರೆಂಟನ್ನೇ ನೇರವಾಗಿ ಕೊಟ್ಟು ಅಳೆದೆ. ಹೊರಬರುತ್ತಿದ್ದದ್ದು 98 ವೋಲ್ಟ್. 117 ಬೇಕಾದ ಯಂತ್ರಕ್ಕೆ 98 ಸಾಲದು, ಒಳಗೆ ಸುರುಳಿ ಶಾರ್ಟ್ ಆಗಿರಬೇಕು ಎಂದುಕೊಂಡು ಅದನ್ನೂ ಮೂಲೆಗೆ ಸರಿಸಿ, ಅಂಗಡಿಯಿಂದ ಹೊಸ ಟ್ರಾನ್ಸ್‌ಫಾರ್ಮರ್ ತಂದೆ. ಅದು 115 ವೋಲ್ಟ್ ಕೊಡುತ್ತಿತ್ತು. ಅಲ್ಲಿಗೆ ದೊಡ್ಡಪ್ಪನ ಕೈಕೆಲಸ ಎರಡನ್ನೂ ನಾನು ಯಂತ್ರದಿಂದ ಹೊರಗೆ ಹಾಕಿದಂತಾಗಿತ್ತು. ಆದರೆ ಅದು ಅವರ ಕೈಕೆಲಸವೆಂಬುದು ನನಗಿನ್ನೂ ಗೊತ್ತಿರಲಿಲ್ಲ.

ಮೂರನೆಯ ವಾರ ಮೊದಲ ರೀಲನ್ನು ಹಾಕಿದೆ. ಅಕ್ಕ ವಿಡಿಯೊ ಕರೆಯಲ್ಲಿ ಕೂತಿದ್ದಳು. ಅವಳ ಪಕ್ಕದಲ್ಲಿ ಗಾಲಿಕುರ್ಚಿಯಲ್ಲಿ ದೊಡ್ಡಮ್ಮ. ಟೇಪು ಓಡಿತು, ಶಬ್ದ ಬಂತು, ನನ್ನ ಬೆನ್ನು ನೆಟ್ಟಗಾಯಿತು. ಆದರೆ ಬಂದ ದನಿ ಕೊಡದೊಳಗಿಂದ ಮಾತಾಡಿದಂತೆ ದಪ್ಪವಾಗಿ, ಎಳೆದೆಳೆದು, ಅರೆ ನಿದ್ದೆಯಲ್ಲಿದ್ದವರ ದನಿಯಂತಿತ್ತು. ಟೇಪು ಹಳೆಯದಾಗಿದೆ, ಇಷ್ಟಾದರೂ ಬಂತಲ್ಲ ಎಂದೆ. ದೊಡ್ಡಮ್ಮ ಏನೂ ಹೇಳಲಿಲ್ಲ. ಅಕ್ಕ ಮಾತ್ರ, "ಇದು ನಮ್ಮಪ್ಪನ ದನಿ ಅಲ್ಲ ಕಣೋ. ಕೊನೇ ವರ್ಷ ಮಾತು ತೊದಲೋವಾಗಲೂ ಅಪ್ಪ ಹಿಂಗೆ ಮಾತಾಡ್ಲಿಲ್ಲ" ಎಂದಳು. ಅವಳ ಕಿವಿಯನ್ನು ನಂಬದಿರಲು ಕಾರಣವಿರಲಿಲ್ಲ. ಕೊನೆಯ ಆರು ವರ್ಷ ದೊಡ್ಡಪ್ಪ ಇದ್ದದ್ದು ಅವಳ ಮನೆಯಲ್ಲಿ. ಅವಳ ತಮ್ಮ ನಾಲ್ಕು ಗಂಟೆ ಕಾರು ಓಡಿಸಿಕೊಂಡು ಪ್ರತಿ ಶುಕ್ರವಾರ ರಾತ್ರಿ ಬಂದು, ಭಾನುವಾರದ ತನಕ ತಂದೆಯ ಸ್ನಾನ, ಔಷಧಿ ನೋಡಿಕೊಂಡು ಅಕ್ಕನಿಗೆ ನಿದ್ದೆ ಮಾಡಲು ಬಿಡುತ್ತಿದ್ದ. ಐವತ್ತು ದಾಟಿದ ಮೇಲೆ ಅಕ್ಕ ರಾಗಿ ಮುದ್ದೆ ಕಟ್ಟಲು ಕಲಿತದ್ದು ಅವರು ಬೇರೇನನ್ನೂ ನುಂಗಲು ಒಪ್ಪದಿದ್ದ ಕಾಲದಲ್ಲಿ. ರಾತ್ರಿಯೆಲ್ಲ ಪಕ್ಕದ ಕೋಣೆಯಿಂದ ಬರುವ ದನಿಗೆ ಕಿವಿಗೊಟ್ಟು ಮಲಗಿದ್ದವಳು ಅವಳು.

ಅಷ್ಟರಲ್ಲಿ ಇನ್ನೊಂದು ತೊಂದರೆ. ಇಪ್ಪತ್ತು ನಿಮಿಷಕ್ಕೆ ಮೋಟಾರು ಮುಟ್ಟಲಾಗದಷ್ಟು ಕಾದು, ವಾರ್ನಿಷ್ ವಾಸನೆ ಬಂತು. ಬೇರಿಂಗುಗಳನ್ನು ಬಿಚ್ಚಿ ಎಣ್ಣೆ ಕುಡಿಸಿದೆ, ಕಾವು ಇಳಿಯಲಿಲ್ಲ. ಎರಡೂ ದೋಷಗಳ ಮೂಲ ಒಂದೇ ಇರಬಹುದೆಂದು ಹೊಳೆಯಲು ಮತ್ತೆ ನಾಲ್ಕು ದಿನ ಬೇಕಾಯಿತು.

ವೇಗವನ್ನು ಅಳೆಯುವುದು ಸುಲಭ. ಬಿಳಿಯ ಲೀಡರ್ ಟೇಪಿನ ಮೇಲೆ ಪೆನ್ಸಿಲಿನಿಂದ ಒಂದು ಗುರುತು ಮಾಡಿ, 95 ಸೆಂಟಿಮೀಟರ್ ಆಚೆಗೆ ಇನ್ನೊಂದು ಗುರುತು ಮಾಡಿದರೆ, ಸರಿಯಾದ ವೇಗದಲ್ಲಿ ಎರಡನೆಯ ಗುರುತು ಹತ್ತು ಸೆಕೆಂಡಿಗೆ ಹೆಡ್‌ನ ಮುಂದೆ ಬರಬೇಕು. ನನ್ನ ಯಂತ್ರದಲ್ಲಿ ಹತ್ತು ಸೆಕೆಂಡಿಗೆ ಸಾಗಿದ್ದು 79 ಸೆಂಟಿಮೀಟರ್. ಮೊದಲು ಹೊಸ ರಬ್ಬರಿನ ಮೇಲೆ ಅನುಮಾನಪಟ್ಟೆ, ಆದರೆ ಐಡ್ಲರ್ ನಡುವಿನ ಚಕ್ರ ಮಾತ್ರ. ಅದರ ವ್ಯಾಸ ಎಷ್ಟಿದ್ದರೂ ವೇಗದ ಲೆಕ್ಕಕ್ಕೆ ಬರುವುದಿಲ್ಲ. 95ನ್ನು 79ರಿಂದ ಭಾಗಿಸಿದೆ. ಒಂದು ಬಿಂದು ಎರಡು, ಎಂದರೆ ಆರಕ್ಕೆ ಐದು. ಹಿಂಬದಿಯ ಫಲಕದ 60 ಸೈಕಲ್ ಮತ್ತು ನಮ್ಮ ಗೋಡೆಯ ಪ್ಲಗ್ಗಿನ 50 ಸೈಕಲ್.

ಈ ಮೋಟಾರು ತಿರುಗುವ ವೇಗ ವೋಲ್ಟೇಜಿಗಿಂತ ಹೆಚ್ಚಾಗಿ ಕರೆಂಟಿನ ಸೈಕಲ್‌ಗೆ ಕಟ್ಟುಬಿದ್ದದ್ದು. ಟ್ರಾನ್ಸ್‌ಫಾರ್ಮರ್ ವೋಲ್ಟೇಜನ್ನು ಇಳಿಸುತ್ತದೆಯೇ ಹೊರತು ಸೈಕಲ್ಲನ್ನು ಬದಲಿಸುವುದಿಲ್ಲ. ಅಮೆರಿಕದಲ್ಲಿ ಆರು ಸುತ್ತು ತಿರುಗುವ ಹೊತ್ತಿಗೆ ಮಂಡ್ಯದಲ್ಲಿ ಐದೇ ಸುತ್ತು. ದನಿ ಸುಮಾರು ಮೂರು ಸ್ವರಸ್ಥಾನದಷ್ಟು ಕೆಳಗಿಳಿಯುತ್ತದೆ. ಷಡ್ಜದಲ್ಲಿ ಹಾಡಿದ್ದು ಮಂದ್ರದ ಧೈವತದಲ್ಲಿ ಕೇಳಿಸಿದಂತೆ. ಇದನ್ನು ನಾನು ತರಗತಿಯಲ್ಲಿ ಎಷ್ಟು ಬಾರಿ ಹೇಳಿದ್ದೇನೋ ಲೆಕ್ಕವಿಲ್ಲ.

ಬಾಟಲಿಯನ್ನು ಪೇಪರಿನ ಮೇಲೆ ಬೋರಲು ಹಾಕಿದೆ. ಸ್ಲೀವ್ ಸಿಕ್ಕಿತು, ಅಂಚಿನಲ್ಲಿ ನನ್ನ ಇಕ್ಕಳದ ಗುರುತೂ ಇತ್ತು. ಅದನ್ನು ಸರಿಮಾಡಿಸಲು ಮತ್ತೆ ಮಂಡಿ ಮೊಹಲ್ಲಾಕ್ಕೆ ಒಯ್ದೆ. ಲೇತ್ ಅಂಗಡಿಯವರು ಕನ್ನಡಕ ಏರಿಸಿ, ಸ್ಲೀವನ್ನು ಬೆಳಕಿಗೆ ಹಿಡಿದು, ಒಳಗಿನ ಅಂಚನ್ನು ಉಗುರಿನಿಂದ ಸವರಿ ನೋಡಿದರು. "ಇದನ್ನ ಊರ ಮೆಕ್ಯಾನಿಕ್ಕು ಮಾಡಿಲ್ಲ ಸಾರ್. ಒಳಗಡೆ ಚೇಂಫರ್ ನೋಡಿ, ಕೂದಲಷ್ಟಿದೆ. ಮೈಕ್ರೋಮೀಟ್ರು ಹಿಡ್ಕೊಂಡು ಮಾಡಿರೋದು" ಎಂದರು. ಮೈಕ್ರೋಮೀಟರಿನಲ್ಲಿ ಅಳೆದೂ ತೋರಿಸಿದರು. ಮೋಟಾರಿನ ಶಾಫ್ಟು ಒಂದು ಇಂಚಿನ ಹದಿನಾರರಲ್ಲಿ ಮೂರು ಭಾಗ, ಎಂದರೆ 4.76 ಮಿಲಿಮೀಟರ್. ಸ್ಲೀವಿನ ಹೊರವ್ಯಾಸ 5.71. ಗುಣಿಸಿ ನೋಡಬಹುದು: 4.76ನ್ನು ಒಂದು ಬಿಂದು ಎರಡರಿಂದ ಗುಣಿಸಿದರೆ 5.712. ಅರ್ಧ ಮಿಲಿಮೀಟರೂ ದಪ್ಪವಿಲ್ಲದ ಆ ಹಿತ್ತಾಳೆ ಐವತ್ತಕ್ಕೂ ಅರವತ್ತಕ್ಕೂ ನಡುವಿನ ವ್ಯತ್ಯಾಸವನ್ನು ನೂರರಲ್ಲಿ ಒಂದು ಮಿಲಿಮೀಟರಿನ ಲೆಕ್ಕಕ್ಕೆ ಮುಚ್ಚಿತ್ತು. ದಪ್ಪ ಮೆಟ್ಟಿಲಿಗೆ ಸ್ಲೀವ್ ಏಕಿರಲಿಲ್ಲ ಎಂಬುದಕ್ಕೂ ಈಗ ಉತ್ತರ ಸಿಕ್ಕಿತು. ಆ ವೇಗ ಹಾಡು ಮುದ್ರಿಸುವವರಿಗೆ ಬೇಕಾದದ್ದು. ಅಜ್ಜಿಗೆ ಬೇಕಾಗಿದ್ದದ್ದು ಮಾತಿನ ವೇಗವೊಂದೇ.

ಮೋಟಾರಿನ ಕಾವಿಗೂ ಇದೇ ಲೆಕ್ಕ. 60 ಸೈಕಲ್‌ಗೆ 117 ವೋಲ್ಟ್ ಎಂದು ಸುತ್ತಿದ ಮೋಟಾರಿಗೆ 50 ಸೈಕಲ್‌ನಲ್ಲಿ ಅಷ್ಟೇ ವೋಲ್ಟ್ ಕೊಟ್ಟರೆ ಅದರ ಕಬ್ಬಿಣದ ತಿರುಳು ಕಾಂತತ್ವದಿಂದ ತುಂಬಿಹೋಗಿ, ಕರೆಂಟು ಹೆಚ್ಚು ಎಳೆದು ಕಾಯುತ್ತದೆ. ಸೈಕಲ್ ಎಷ್ಟು ಇಳಿಯಿತೋ ವೋಲ್ಟನ್ನೂ ಅದೇ ಪ್ರಮಾಣದಲ್ಲಿ ಇಳಿಸಬೇಕು. 117ರ ಆರರಲ್ಲಿ ಐದು ಭಾಗ ತೊಂಬತ್ತೇಳೂವರೆ. ನಾನು ಕೆಟ್ಟಿದೆಯೆಂದು ಮೂಲೆಗೆ ಸರಿಸಿದ್ದ ಬೂದು ಪೆಟ್ಟಿಗೆ ಕೊಡುತ್ತಿದ್ದದ್ದು 98. ಅದನ್ನು ಹೊರತಂದು ಧೂಳು ಒರೆಸಿ ಮತ್ತೆ ಜೋಡಿಸಿದೆ. ಒಂದು ಗಂಟೆ ಓಡಿದ ಮೇಲೂ ಮೋಟಾರಿನ ಮೇಲೆ ಅಂಗೈ ಇಡಬಹುದಾಗಿತ್ತು.

ಸೈಕಲ್‌ಗಳ ವಿಷಯದಲ್ಲಿ ದೊಡ್ಡಪ್ಪನಿಗೆ ಇಷ್ಟು ಕಾಳಜಿ ಏಕೆಂಬುದು ಅವರ ಕೆಲಸದ ಹಾದಿ ನೋಡಿದರೆ ತಿಳಿಯುತ್ತದೆ. ಅವರು ಹುಟ್ಟಿದ್ದು ಕೃಷ್ಣರಾಜಸಾಗರದ ನೀರು ನಾಲೆಗೆ ಹರಿದು ಮಂಡ್ಯ ಕಬ್ಬಿನ ಸೀಮೆಯಾಗತೊಡಗಿದ ಕಾಲದಲ್ಲಿ, ಊರಿನ ಸಕ್ಕರೆ ಕಂಪನಿ ಆರಂಭವಾಗುವುದಕ್ಕೆ ಒಂದು ವರ್ಷ ಮೊದಲು. ಓದಿದ್ದು ಬೆಂಗಳೂರಿನಲ್ಲಿ, ವಿಶ್ವೇಶ್ವರಯ್ಯನವರ ಮುತುವರ್ಜಿಯಿಂದ 1917ರಲ್ಲಿ ಆರಂಭವಾದ ಎಂಜಿನಿಯರಿಂಗ್ ಕಾಲೇಜಿನಲ್ಲಿ. ಮೊದಲ ಕೆಲಸ ಶಿವನಸಮುದ್ರದ ವಿದ್ಯುದಾಗಾರದಲ್ಲಿ. ಕೋಲಾರದ ಚಿನ್ನದ ಗಣಿಗಳಿಗೆಂದು 1902ರಲ್ಲಿ ಅಲ್ಲಿ ಉತ್ಪಾದನೆ ಆರಂಭವಾದಾಗ ಅದು 25 ಸೈಕಲ್‌ನ ವಿದ್ಯುತ್ತು. ಇಪ್ಪತ್ತೈದು, ಐವತ್ತು, ಆಮೇಲೆ ಅಮೆರಿಕದ ಅರವತ್ತು. ಮೂರರ ನಡುವೆಯೂ ಬಾಳಿದವರು ಅವರು.

ಅವರು ಹೊರಟದ್ದು 1966ರಲ್ಲಿ. ಅದರ ಹಿಂದಿನ ವರ್ಷ ಅಧ್ಯಕ್ಷ ಲಿಂಡನ್ ಜಾನ್ಸನ್ ಸಹಿ ಹಾಕಿದ ಹೊಸ ವಲಸೆ ಕಾನೂನು ಬರುವ ತನಕ ಭಾರತಕ್ಕೆ ಇದ್ದ ಕೋಟಾ ವರ್ಷಕ್ಕೆ ನೂರು ಜನದ್ದು. ಹೊರಡುವ ವರ್ಷದ ಜೂನ್‌ನಲ್ಲಿ ರೂಪಾಯಿ ಅಪಮೌಲ್ಯವಾಗಿ ಡಾಲರು 4.76 ರೂಪಾಯಿಯಿಂದ 7.50ಕ್ಕೆ ಏರಿತ್ತು, ಅಜ್ಜ ಸಾಲ ಮಾಡಿ ಹೊಂದಿಸಿದ್ದ ಟಿಕೆಟ್ಟಿನ ಹಣ ಸಾಲದೆ ಒಂದು ಜೊತೆ ಎತ್ತು ಮಾರಬೇಕಾಯಿತು ಎಂದು ಅಪ್ಪ ಹೇಳುತ್ತಿದ್ದರು. ಪಿಟ್ಸ್‌ಬರ್ಗ್‌ನಲ್ಲಿ ವಿದ್ಯುತ್ ಯಂತ್ರಗಳ ಕಾರ್ಖಾನೆಯೊಂದರಲ್ಲಿ ಕೆಲಸಕ್ಕೆ ಸೇರಿ ನಿವೃತ್ತಿಯ ತನಕ ಅಲ್ಲೇ ಇದ್ದರು. ಎತ್ತಿನ ಹಣವನ್ನು ಮೊದಲ ವರ್ಷದಲ್ಲೇ ಕಳುಹಿಸಿದರು.

ಸ್ಲೀವನ್ನು ಅರಗಿನಿಂದಲೇ ಕೂರಿಸಿದೆ. ಆಧುನಿಕ ಅಂಟುಗಳಿದ್ದರೂ ಹಳೆಯ ವಿಧಾನ ಐವತ್ತು ವರ್ಷ ಬಾಳಿದ್ದನ್ನು ಕಣ್ಣಾರೆ ಕಂಡಿದ್ದೆ. ಪೆನ್ಸಿಲ್ ಗುರುತು ಹತ್ತು ಸೆಕೆಂಡಿಗೆ ಸರಿಯಾಗಿ ಬಂತು. ಟೇಪುಗಳನ್ನು ಕಂಪ್ಯೂಟರಿಗೆ ಇಳಿಸುವುದಷ್ಟೇ ಉದ್ದೇಶವಾಗಿದ್ದರೆ ಈ ವೇಗದ ತಪ್ಪನ್ನು ಅಲ್ಲಿ ಒಂದು ನಿಮಿಷದಲ್ಲಿ ತಿದ್ದಬಹುದಿತ್ತು, ಸ್ಲೀವಿನ ಕಥೆ ಯಾರಿಗೂ ತಿಳಿಯುತ್ತಲೂ ಇರಲಿಲ್ಲ.

ರೀಲುಗಳ ಕೆಲಸ ಬೇರೆ. ದೀಪಕ್ಕೆ ಅಡ್ಡಲಾಗಿ ಹಿಡಿದಾಗ ಸುರುಳಿಯ ಬದಿಯಿಂದ ಬೆಳಕು ತೂರಿ ಬಂದರೆ ಅದು ಅಸಿಟೇಟ್ ಟೇಪು, ಬಾರದಿದ್ದರೆ ಪಾಲಿಯೆಸ್ಟರ್. ಅಸಿಟೇಟ್ ಹಳೆಯದಾದಂತೆ ವಿನೆಗರ್ ವಾಸನೆ ಬರುತ್ತದೆ, ಒಣಗಿ ತುಂಡಾಗುತ್ತದೆ. ಆದರೆ ಅದರ ಒಂದು ಒಳ್ಳೆಯ ಗುಣವೆಂದರೆ ಹಿಗ್ಗದೆ ನೀಟಾಗಿ ಮುರಿಯುವುದರಿಂದ ಒಂದು ಅಕ್ಷರವೂ ನಷ್ಟವಾಗದಂತೆ ಜೋಡಿಸಬಹುದು. ನಮ್ಮಲ್ಲಿ ನಾಲ್ಕು ಅಸಿಟೇಟ್ ಇದ್ದವು, ಒಟ್ಟು ಏಳು ಕಡೆ ಮುರಿದವು. ಕೆಲವು ರೀಲುಗಳ ಮೇಲೆ ಬೂಷ್ಟು ಬೆಳ್ಳಗೆ ಹಬ್ಬಿತ್ತು. ಪ್ರತಿ ಪೆಟ್ಟಿಗೆಯ ಮೇಲೂ ದೊಡ್ಡಮ್ಮ ಕನ್ನಡದ ಅಂಕಿಯಲ್ಲಿ ಸಂಖ್ಯೆ ಹಾಕಿದ್ದರು. ಮೂರನೆಯದರ ಮೇಲೆ ಮಗುವಿನ ಕೈಯ ಗೀಚು ಇತ್ತು, ಅಕ್ಕನದೇ ಇರಬೇಕು.

ಕೇಳುತ್ತ ಹೋದಂತೆ ಅವರ ಅರ್ಧ ಆಯಸ್ಸು ಎಂಟೆಂಟು ನಿಮಿಷದ ತುಂಡುಗಳಲ್ಲಿ ಹಾದುಹೋಯಿತು. ಹಿಮವನ್ನು ಸಲಿಕೆಯಲ್ಲಿ ಎತ್ತುವುದು ಗೊಬ್ಬರ ಎತ್ತುವುದಕ್ಕಿಂತ ಕಷ್ಟವೆಂಬುದು, ದೊಡ್ಡಮ್ಮ ಕಾರು ಕಲಿತು ಮೊದಲ ದಿನವೇ ಕಸದ ಡಬ್ಬಿಗೆ ಗುದ್ದಿದ್ದು, ತಮ್ಮ ಹುಟ್ಟಿದಾಗ ಅವನ ಅಳುವನ್ನೇ ಅರ್ಧ ನಿಮಿಷ ಮುದ್ರಿಸಿದ್ದು, ಪೆನ್ ಹಿಲ್ಸ್‌ನಲ್ಲಿ ವೆಂಕಟೇಶ್ವರ ದೇವಸ್ಥಾನ ಕಟ್ಟುವಾಗ ರಜೆಯ ದಿನ ಹೋಗಿ ವೈರಿಂಗ್ ಕೆಲಸಕ್ಕೆ ಕೈ ಹಾಕಿದ್ದು. ಯಾವ ರೀಲಾದರೂ ಮುಗಿಯುವ ಮೊದಲು ಒಂದೇ ಪ್ರಶ್ನೆ: "ನಾಲೆಗೆ ನೀರು ಬಿಟ್ರಾ ಅವ್ವ?"

ಸ್ಲೀವ್ ದೊಡ್ಡಪ್ಪನದೇ ಕೆಲಸವೆಂಬುದಕ್ಕೆ ಅವರ ಕೈಬರಹಕ್ಕಿಂತ ಖಚಿತವಾದ ಸಾಕ್ಷಿ ಐದನೆಯ ರೀಲಿನಲ್ಲಿತ್ತು. ಯಂತ್ರವನ್ನು ಮಂಡ್ಯಕ್ಕೆ ತಂದುಕೊಟ್ಟು ಅವರು ವಾಪಸು ಹೋದ ಮೇಲೆ, ಅಜ್ಜಿ ಇಲ್ಲಿಂದ ಮೊದಲ ಬಾರಿಗೆ ಮಾತಾಡಿ ಕಳುಹಿಸಿದ ಟೇಪು ಅವರಿಗೆ ತಲುಪಿತ್ತು. ಐವತ್ತರಲ್ಲಿ ಮುದ್ರಿಸಿದ್ದನ್ನು ಅರವತ್ತರಲ್ಲಿ ಕೇಳಿದರೆ ನಮಗಾದದ್ದಕ್ಕೆ ತದ್ವಿರುದ್ಧವಾಗುತ್ತದೆ. ಈಗ ಅವರದೇ ದನಿ, ಸರಿಯಾದ ವೇಗದಲ್ಲಿ, ಅಕ್ಕ ತಲೆಯಾಡಿಸಿ ಒಪ್ಪಿದ ದನಿ:

"ಅವ್ವ, ನಿನ್ನ ಟೇಪು ಬಂತು. ನೀ ಮಾತಾಡಿರದು ಇಲ್ಲಿ ಕೇಳಿದ್ರೆ ಗಿಣಿ ಮಾತಾಡ್ದಂಗದೆ, ನಿನ್ನ ಸೊಸೆ ನಕ್ಕೂ ನಕ್ಕೂ ಸಾಕಾದ್ಲು. ತಪ್ಪು ನಿಂದಲ್ಲ, ಕರೆಂಟಿಂದು. ಅದ್ಕೆ ಒಂದು ಹಿತ್ತಾಳೆ ಬಳೆ ಮಾಡಿ ಕಳಿಸ್ತಾ ಇವ್ನಿ. ನಿನ್ ಕೈಗಲ್ಲ ಕಣವ್ವ, ಮೋಟ್ರುಗೆ. ತಮ್ಮಂಗೆ ಹೇಳು, ಆಚಾರಿ ತಾವ ಹೋಗಿ ಅರಗು ಹಾಕ್ಸಿ ಕೂರಿಸ್ಲಿ. ಬೆಸುಗೆ ಬ್ಯಾಡ, ಶಾಫ್ಟು ಕೆಟ್ಟೋಯ್ತದೆ."

ಇಲ್ಲಿ ದೊಡ್ಡಪ್ಪ ಹೇಳುವ ತಮ್ಮ ಎಂದರೆ ನಮ್ಮ ಅಪ್ಪ. ಅರಗಿನ ಮೇಲೆ ಇದ್ದ ಬೆರಳಚ್ಚಿನಂಥ ಗುರುತನ್ನು ನಾನು ಬಿಸಿ ಕಡ್ಡಿಯಿಂದ ಕರಗಿಸಿ ಅಳಿಸಿದ್ದೆ.

ತಿಥಿಯ ದಿನ ಮಂಡ್ಯದ ಮನೆಯ ನಡುಮನೆಯಲ್ಲಿ ಎಡೆ ಇಟ್ಟು, ಊಟವಾದ ಮೇಲೆ ಯಂತ್ರ ಹಾಕಿದೆವು. ಅಕ್ಕ, ಅವಳ ತಮ್ಮ, ಮೊಮ್ಮಕ್ಕಳು ಎಲ್ಲರೂ ಬಂದಿದ್ದರು. ದೊಡ್ಡಮ್ಮ ಪ್ರಯಾಣ ಮಾಡುವ ಸ್ಥಿತಿಯಲ್ಲಿರಲಿಲ್ಲವಾದ್ದರಿಂದ ಫೋನನ್ನು ಸ್ಪೀಕರಿನ ಎದುರಿಗೆ ಒರಗಿಸಿ ಇಟ್ಟಿದ್ದೆವು. ತಾವು ನಕ್ಕ ಕಥೆ ಬಂದಾಗ ಆ ಕಡೆಯಿಂದ ಮತ್ತೆ ನಕ್ಕರು. ಸಂಜೆ ಅಕ್ಕ ಯಂತ್ರವನ್ನು ಜೊತೆಗೆ ಒಯ್ಯುವ ಮಾತೆತ್ತಿದಳು. ಒಯ್ಯಬಹುದು, ಆದರೆ ಆ ಕರೆಂಟಿನಲ್ಲಿ ಬಳೆ ಇದ್ದರೆ ಅಪ್ಪನೂ ಗಿಣಿಯಾಗುತ್ತಾರೆ, ತೆಗೆದು ಒಯ್ಯಬೇಕು ಎಂದೆ. ಅವಳು ಸ್ವಲ್ಪ ಹೊತ್ತು ಮೋಟಾರಿನ ಕಡೆ ನೋಡಿ, "ತೆಗೀಬೇಡ, ಇಲ್ಲೇ ಇರಲಿ" ಎಂದಳು. ಹದಿನೇಳು ರೀಲುಗಳ ಪ್ರತಿಯನ್ನು ಪೆನ್ ಡ್ರೈವಿಗೆ ಹಾಕಿಕೊಟ್ಟೆ.

ಇನ್ನೂ ಒಂದು ಕೆಲಸ ಬಾಕಿ ಇದೆ. ರಿವೈಂಡ್ ಮಾಡುವಾಗ ರೀಲನ್ನು ನಿಲ್ಲಿಸುವ ಬ್ರೇಕಿನ ಫೆಲ್ಟು ಸವೆದಿದೆ, ತಕ್ಕ ದಪ್ಪದ್ದು ಸಿಕ್ಕಿಲ್ಲ. ಸದ್ಯಕ್ಕೆ ಟೇಪು ಮುಗಿಯುವ ಹೊತ್ತಿಗೆ ರೀಲಿನ ಅಂಚಿಗೆ ಬೆರಳು ತಾಗಿಸಿ ಮೆಲ್ಲಗೆ ನಿಲ್ಲಿಸಬೇಕು.